ಒಂದು ಲೋಟ ಕಾಫಿಯ ಋಣ

ನನ್ನ ತಂದೆಯವರು ಊಟ ಮುಗಿದ ಮೇಲೆ ಅಂಗೈಯಲ್ಲಿ ಉತ್ತರಾಪೋಶನದ ನೀರು ಹಿಡಿದು, 'ಅನ್ನದಾತಾ ಸುಖೀಭವ' ಎಂದು ಹೇಳಿಯೇ ಎಲೆಯ ಮುಂದಿನಿಂದ ಏಳುತ್ತಿದ್ದರು. ಹುಡುಗನಾಗಿದ್ದಾಗ ಒಮ್ಮೆ ನಾನು, "ಅನ್ನದಾತ ಅಂದ್ರೆ ಯಾರು ಅಪ್ಪ?" ಎಂದು ಕೇಳಿದ್ದೆ. "ಬೆಳೆದವನು, ಬೇಯಿಸಿದವಳು, ಬಡಿಸಿದವಳು, ಎಲ್ಲರೂ ಕಣೋ" ಎಂದರು. ಒಳಗಿನಿಂದ ಅಮ್ಮ, "ರೇಷನ್ ಅಂಗಡಿ ಮುಂದೆ ಕ್ಯೂ ನಿಂತವಳನ್ನೂ ಸೇರಿಸಿಕೊಳ್ಳಿ" ಎಂದಳು. ತಂದೆಯವರು ನಕ್ಕು, ಅವಳನ್ನೂ ಸೇರಿಸಿಕೊಂಡು, ನೀರು ಕುಡಿದರು.

ಊಟಕ್ಕೆ ಇಂಥದೊಂದು ಮಾತಿತ್ತು. ದಿನಕ್ಕೆ ಎರಡು ಬಾರಿ, ನೆಂಟರು ಬಂದರೆ ನಾಲ್ಕು ಬಾರಿ, ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಕಾಫಿ ಎಂಬ ಇನ್ನೊಂದು ನಿತ್ಯಕರ್ಮಕ್ಕೆ ಮಾತ್ರ ಯಾವ ಮಾತೂ ಇರಲಿಲ್ಲ. ತಪ್ಪು ಶಾಸ್ತ್ರಕಾರರದಲ್ಲ, ಅವರ ಕಾಲಕ್ಕೆ ಕಾಫಿ ಈ ನಾಡಿಗೆ ಬಂದಿರಲಿಲ್ಲ. ಬಂದಿದ್ದರೆ ಸಂಧ್ಯಾವಂದನೆಗೆ ಮೊದಲೋ ಆಮೇಲೋ ಎಂಬ ವಿಷಯದಲ್ಲಿ ಎರಡು ಪಂಥಗಳಾದರೂ ಹುಟ್ಟಿಕೊಳ್ಳುತ್ತಿದ್ದುವು. ಕಾಫಿದಾತನಿಗೆ ಸುಖವಾಗಲೆಂದು ಹಾರೈಸಬೇಕೆಂಬ ಯೋಚನೆ ನನಗೆ ನಲವತ್ತು ವರ್ಷ ದಾಟುವವರೆಗೆ ಬಂದಿರಲೇ ಇಲ್ಲ. ಹೇಗೆ ಬಂದೀತು? ನಾನು ಬೆಳೆದ ಆರ್.ಟಿ. ನಗರದಲ್ಲಿ ಕಾಫಿ ಎಂಬುದು ಮುಖ್ಯರಸ್ತೆಯ ಪುಡಿಯಂಗಡಿಯಲ್ಲಿ ಹುಟ್ಟುವ ವಸ್ತು. ಅಂಗಡಿಯವರು, "ಪೀಬರಿ ಎಷ್ಟು, ಪ್ಲಾಂಟೇಷನ್ ಎಷ್ಟು, ಚಿಕೋರಿ ಎಷ್ಟು?" ಎಂದು ಕೇಳುವರು, ಅಮ್ಮ ಕಲಿಸಿಕೊಟ್ಟ ಪಾಠವನ್ನು ನಾನು ಒಪ್ಪಿಸುವೆನು, ಯಂತ್ರ ಗರಗರನೆ ತಿರುಗುವುದು, ಬಿಸಿಬಿಸಿ ಪೊಟ್ಟಣವನ್ನು ಎದೆಗೆ ಅವುಚಿಕೊಂಡು, ಅದರ ವಾಸನೆಯನ್ನು ದಾರಿಯುದ್ದಕ್ಕೂ ಕುಡಿಯುತ್ತ ಮನೆಗೆ ಬರುವೆನು. ಪ್ಲಾಂಟೇಷನ್ ಎಂಬ ಮಾತಿನಲ್ಲೇ ತೋಟವೊಂದು ಅಡಗಿದೆ ಎಂಬುದು ಆಗ ಹೊಳೆಯಲಿಲ್ಲ. ಇಂಗ್ಲಿಷಿನ ಶಬ್ದಗಳನ್ನು ನಾವು ಬಳಸುವಾಗ ಹೀಗೇ ಆಗುತ್ತದೆ. ಅರ್ಥ ಹೋಗಿ ಬೆಲೆ ಮಾತ್ರ ಉಳಿಯುತ್ತದೆ.

ಕಾಫಿ ಒಂದು ಹಣ್ಣು ಎಂಬ ಸಂಗತಿಯನ್ನು ನಾನು ನಾಲಗೆಯಿಂದ ತಿಳಿದದ್ದು ಚಿಕ್ಕಮಗಳೂರಿನಲ್ಲಿ. ಕೆಲವು ವರ್ಷಗಳ ಹಿಂದೆ ಅಲ್ಲೊಂದು ವಿಚಾರಸಂಕಿರಣಕ್ಕೆ ಹೋಗಿದ್ದೆ. ಸಂಕಿರಣದಲ್ಲಿ ವಿಚಾರವಾದದ್ದು ಈಗ ನೆನಪಿಲ್ಲ. ಸಂಜೆ ಚಂದ್ರದ್ರೋಣ ಪರ್ವತದ ತಪ್ಪಲಿನಲ್ಲಿದ್ದ ಒಬ್ಬರ ತೋಟಕ್ಕೆ ನಮ್ಮನ್ನು ಕರೆದುಕೊಂಡು ಹೋದರು. ಅವರು ಗಿಡದಿಂದ ಒಂದು ಕೆಂಪು ಹಣ್ಣನ್ನು ಕಿತ್ತು, "ಕಚ್ಚಿ ನೋಡಿ" ಎಂದರು. ತೆಳುವಾದ ಸಿಪ್ಪೆ, ಅದರೊಳಗೆ ಸ್ವಲ್ಪವೇ ಲೋಳೆ, ಜೇನು ಬೆರೆಸಿದಂಥ ಸಿಹಿ. ಅನಂತರ ನಾಲಗೆಗೆ ಸಿಕ್ಕುವುದು ಎರಡು ಬೀಜ. ಬೆಂಗಳೂರಿನವರಾದ ನಾವು ಆ ಸಿಹಿಯನ್ನು ಎಂದೂ ಕಾಣದೆ, ಬೀಜವನ್ನು ಕರಿಕು ಮಾಡಿ, ಕಹಿಯನ್ನು ಸಕ್ಕರೆಯಿಂದ ಸರಿಪಡಿಸಿಕೊಂಡು ಕುಡಿಯುವ ಜನ. ಒಳಗೆ ಹೋದಮೇಲೆ ಅವರು ಹಾಲೂ ಇಲ್ಲದ ಸಕ್ಕರೆಯೂ ಇಲ್ಲದ ಕಾಫಿಯನ್ನು ಸಣ್ಣ ಬಟ್ಟಲಿನಲ್ಲಿ ಕೊಟ್ಟರು. ಬಣ್ಣ ಚಹಾದ್ದು. ಔಷಧದಂತೆ ಕಣ್ಣುಮುಚ್ಚಿ ಕುಡಿಯಲು ಸಿದ್ಧನಾದೆ. ಆದರೆ ಅದು ಕಹಿಯಾಗಿರಲಿಲ್ಲ. ಕಿತ್ತಳೆಯ ಸಿಪ್ಪೆಯನ್ನು ಉಗುರಿನಿಂದ ಚಿವುಟಿದಾಗ ಬರುವಂಥ ಒಂದು ವಾಸನೆ, ಆಮೇಲೆ ಬೆಲ್ಲದ ಪಾಕದಂಥದೇನೋ, ಗುಟುಕಿಳಿದ ಮೇಲೆ ಆಗ ಕಚ್ಚಿದ ಆ ಹಣ್ಣಿನ ನೆನಪು. ನಲವತ್ತು ವರ್ಷದಿಂದ ಮಾತಾಡಿಕೊಂಡು ಬಂದಿದ್ದ ನೆರೆಯವನು ಅಂದು ಇದ್ದಕ್ಕಿದ್ದಂತೆ ಹಾಡಿದಹಾಗಾಯಿತು.

ಇದಕ್ಕೆ ಈಗಿನವರು ಸ್ಪೆಷಾಲಿಟಿ ಕಾಫಿ ಎನ್ನುತ್ತಾರೆ. ಈ ಹೆಸರನ್ನು ಬಳಕೆಗೆ ತಂದವಳು ಎರ್ನಾ ಕ್ನುಟ್ಸನ್ ಎಂಬಾಕೆ, ಅಮೆರಿಕದ ಕಾಫಿ ವ್ಯಾಪಾರದಲ್ಲಿದ್ದವಳು, 1974ರಲ್ಲಿ. ಒಂದೊಂದು ಸೀಮೆಯ ಮಣ್ಣಿಗೂ ಹವೆಗೂ ತನ್ನದೇ ರುಚಿಯುಂಟು, ಎಲ್ಲವನ್ನೂ ಒಂದೇ ಮೂಟೆಗೆ ಸುರಿಯಬೇಡಿ ಎಂಬುದು ಇದರ ಹಿಂದಿನ ಮಾತು. ಈಗ ಇದಕ್ಕೆ ಪರೀಕ್ಷಕರಿದ್ದಾರೆ. ಚಮಚದಲ್ಲಿ ಕಾಫಿ ತೆಗೆದು, ಮನೆಯಲ್ಲಿ ಮಕ್ಕಳು ಮಾಡಿದರೆ ಬೈಯುವಂಥ ಸದ್ದುಮಾಡಿ ಸೊರ್ರನೆ ಹೀರಿ, ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಎಂಬತ್ತು ಬಂದರೆ ತೇರ್ಗಡೆ. ನಮ್ಮ ಕಾಲೇಜಿನಲ್ಲಿ ಮೂವತ್ತೈದಕ್ಕೆ ತೇರ್ಗಡೆ ಮಾಡಿಸಲು ಪಡುವ ಪಾಡನ್ನು ಬಲ್ಲ ನನಗೆ ಆ ಬೀಜಗಳ ಮೇಲೆ ಗೌರವವೇ ಹುಟ್ಟಿತು.

ಊರಿಗೆ ಬಂದಮೇಲೆ ಹುಡುಕಿದೆ. ಸಹಕಾರನಗರದಲ್ಲಿ, ಯಲಹಂಕದಲ್ಲಿ, ಹೆಬ್ಬಾಳದ ಆಚೆ ವಿಮಾನನಿಲ್ದಾಣದ ದಾರಿಯ ಎರಡೂ ಕಡೆ, ಇಂಥ ಕಾಫಿಯ ಅಂಗಡಿಗಳು ಎದ್ದಿವೆ. ಅಲ್ಲಿಂದ ಕಾಲು ಕಿಲೋ ಪೊಟ್ಟಣವೊಂದನ್ನು ತಂದೆ. ಅದರ ಮೇಲೆ ತೋಟದ ಹೆಸರಿತ್ತು, ಒಡೆಯರ ಹೆಸರಿತ್ತು, ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದಿತ್ತು, ಗಿಡದ ತಳಿ ಎಸ್. 795 ಎಂದಿತ್ತು, ಕಿತ್ತಳೆ, ಬೆಲ್ಲ, ಚಾಕೊಲೇಟುಗಳ ರುಚಿ ಕಾಣಬಹುದೆಂದಿತ್ತು. "ಇಷ್ಟೆಲ್ಲ ಇದ್ದಮೇಲೆ ಕಾಫಿಗೆ ಜಾಗ ಎಲ್ಲಿ?" ಎಂದಳು ನನ್ನ ಹೆಂಡತಿ. ಎಸ್. 795 ಎಂಬ ಹೆಸರು ಮಾತ್ರ ನನಗೂ ಬೇಸರ ತಂದಿತು. ಅಂಥ ಸೊಗಸಾದ ಪಾನೀಯಕ್ಕೆ ಸೆರೆಮನೆಯ ಕೈದಿಯ ನಂಬರನ್ನಿಟ್ಟಹಾಗಿದೆ. ಆಮೇಲೆ ಓದಿ ತಿಳಿದುಕೊಂಡೆ: ಎಲೆತುಕ್ಕು ರೋಗ 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು, ಅಲ್ಲಿನ ಕಾಫಿಯನ್ನೇ ಅಳಿಸಿ, ಆ ದ್ವೀಪವನ್ನು ಚಹಾದ ನಾಡಾಗಿ ಮಾಡಿತು. ನಮ್ಮಲ್ಲೂ ಅದೇ ಗತಿಯಾಗಬಾರದೆಂದು ಬಾಳೆಹೊನ್ನೂರಿನ ಸಂಶೋಧನ ಕೇಂದ್ರದಲ್ಲಿ ತಳಿಯಿಂದ ತಳಿಗೆ ಕೂಡಿಸಿ, ಬಿತ್ತಿ, ಕಾದು, ಕಿತ್ತೆಸೆದು, ಮತ್ತೆ ಬಿತ್ತಿ, 1940ರ ದಶಕದಲ್ಲಿ ಬೆಳೆಗಾರರ ಕೈಗೆ ಕೊಟ್ಟ ಗಿಡ ಇದು. ಬೇಸರದ ಆ ನಂಬರಿನ ಹಿಂದೆ ಎಷ್ಟು ಜನರ ಆಯುಸ್ಸು ಸಂದಿದೆ! ಏಳು ಬೀಜವನ್ನು ಯಮನ್ ದೇಶದಿಂದ ತಂದ ಬಾಬಾ ಬುಡನ್ ಅವರ ಹೆಸರು ಬೆಟ್ಟಕ್ಕೇ ಇದೆ. ತಂದವರು ನೆನಪಿನಲ್ಲಿ ಉಳಿದರು, ಉಳಿಸಿದವರು ನಂಬರಾದರು.

ಹೊಸ ರುಚಿ ಕಲಿತವನಿಗೆ ಮೊದಲು ಬರುವುದು ಜ್ಞಾನವಲ್ಲ, ಜಂಬ. ನನಗೂ ಬಂತು. ನೆಂಟರ ಮನೆಯ ಚಿಕೋರಿ ಕಾಫಿಯ ಮುಂದೆ ನನ್ನ ಹುಬ್ಬು ತಾನಾಗಿ ಏರತೊಡಗಿತು. ಈ ಜಂಬವನ್ನು ಹೊತ್ತುಕೊಂಡೇ ನಾನು 2024ರ ಸಂಕ್ರಾಂತಿಯ ರಜೆಯಲ್ಲಿ ಯಶವಂತಪುರದಿಂದ ಮಂಗಳೂರಿಗೆ ಹೋಗುವ ಹಗಲು ರೈಲು ಹತ್ತಿ, ಸಕಲೇಶಪುರದಲ್ಲಿ ಇಳಿದದ್ದು. ಹಾನುಬಾಳಿನ ಕಡೆಗೆ ಊರಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಹಳ ವರ್ಷದಿಂದ ಕರೆಯುತ್ತಿದ್ದ. ಅವರದು ನಾಲ್ಕೆಕರೆಯ ತೋಟ. ಕಾಫಿಯ ಬೆಳೆಗಾರರೆಂದರೆ ಬಂಗಲೆ, ಜೀಪು, ನಾಯಿ ಎಂದು ನಗರದವರಾದ ನಾವು ತಿಳಿದುಕೊಂಡಿದ್ದೇವೆ. ಆದರೆ ಈ ದೇಶದ ಕಾಫಿ ಹಿಡುವಳಿಗಳಲ್ಲಿ ತೀರ ಹೆಚ್ಚಿನವು ಸಣ್ಣ ಹಿಡುವಳಿಗಳೇ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಭಾಗ ಕರ್ನಾಟಕದ್ದು. ಅದರ ಬಹುಪಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ.

ಬರಿಗೈಯಲ್ಲಿ ಹೋಗಬಾರದಲ್ಲ. ಹಣ್ಣು, ಸಿಹಿ, ಅದರ ಜೊತೆಗೆ ಒಂದು ಪೊಟ್ಟಣ ಆ ಹೊಸ ಕಾಫಿಯನ್ನೂ ತೆಗೆದುಕೊಂಡು ಹೋದೆ. ಕಾಫಿಯ ಸೀಮೆಗೆ ಕಾಫಿಯ ಉಡುಗೊರೆ! ಗಂಗೆಗೆ ಹೋಗುವವನು ಕೊಳಾಯಿ ನೀರು ಕೊಂಡೊಯ್ದಂತೆ ಎಂದು ನೀವು ನಗಬಹುದು. 'ನಿಮ್ಮ ಕಾಫಿಯಲ್ಲಿ ಏನಿದೆಯೆಂದು ನಿಮಗೇ ಗೊತ್ತಿಲ್ಲ, ನಾನು ತೋರಿಸುತ್ತೇನೆ' ಎಂಬ ಮೇಷ್ಟ್ರ ಬುದ್ಧಿ ಅದರಲ್ಲಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮನೆಯ ಮುಂದಿನ ಕಣದಲ್ಲಿ ಕಾಫಿ ಒಣಗುತ್ತಿತ್ತು. ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ರಾತ್ರಿಯಿಡೀ ಕೊಳೆಯಲು ಬಿಟ್ಟು, ಲೋಳೆ ತೊಳೆದು, ಬಿಸಿಲಿಗೆ ಹರವಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆಯಾಗುತ್ತಲೇ ರಾಶಿ ಮಾಡಿ ಮುಚ್ಚಿ, ಬೆಳಗ್ಗೆ ಮತ್ತೆ ಹರವಿ, ಹೀಗೆ ವಾರಕ್ಕೂ ಮೇಲೆ ಕಾದರೆ ಬೀಜ ತನ್ನ ಹೊಟ್ಟಿನೊಳಗೆ ಗಲಗಲ ಎನ್ನುತ್ತದೆ. ಅದೇ ಪಾರ್ಚ್‌ಮೆಂಟು. ಆ ವಾರದಲ್ಲಿ ಒಂದು ಮಳೆ ಬಂದರೆ ವರ್ಷದ ದುಡಿಮೆಯ ರುಚಿ ಕೆಟ್ಟಿತು. ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೂ ಕೆಟ್ಟಿತು, ಬಂದಮೇಲೆ ಇನ್ನೊಂದು ಮಳೆ ಹಿಂದೆಯೇ ಬಾರದಿದ್ದರೂ ಕೆಟ್ಟಿತು. ಬಿಳಿ ಕಾಂಡಕೊರಕ ಹೊಕ್ಕರೆ ಗಿಡವೇ ಹೋಯಿತು. ಇದಲ್ಲದೆ ಚಿಗುರು ತೆಗೆಯಬೇಕು, ಮರಗಸಿ ಮಾಡಿಸಬೇಕು, ನೆರಳು ಹೆಚ್ಚಾಗಬಾರದು, ಕಡಮೆಯೂ ಆಗಬಾರದು. ವಿದ್ಯಾರ್ಥಿ ಇದನ್ನೆಲ್ಲ ಹೇಳುತ್ತ ಹೋದ. ತರಗತಿಯಲ್ಲಿ ಅವನು ಎಂದೂ ಇಷ್ಟು ಮಾತಾಡಿದ್ದಿಲ್ಲ. ಮೂಡಿಗೆರೆಯಲ್ಲಿ ಕಾಫಿತೋಟ ಮಾಡಿಕೊಂಡಿದ್ದ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯನ್ನು ಇದೇ ಹುಡುಗನಿಗೆ ನಾನು ಪಾಠ ಹೇಳಿದ್ದೆ. ಅದರ ಸಂಕೇತ, ತಂತ್ರ, ಕಾಲಪ್ರಜ್ಞೆ ಎಲ್ಲವನ್ನೂ ಹೇಳಿದ್ದೆ. ಆ ಗ್ರಂಥಕರ್ತರು ಬೆಳಗ್ಗೆ ಎದ್ದು ಇಂಥ ಗಿಡಗಳ ನಡುವೆ ಓಡಾಡಿದವರೆಂಬುದನ್ನು ಪೀಠಿಕೆಯ ಒಂದು ವಾಕ್ಯವಾಗಿ ಹೇಳಿ ಮುಗಿಸಿದ್ದೆ. ನನ್ನ ಮುಂದೆ ಕೂತು ಟಿಪ್ಪಣಿ ಬರೆದುಕೊಂಡವನಿಗೆ ಆ ವಿಷಯ ನನಗಿಂತ ಚೆನ್ನಾಗಿ ತಿಳಿದಿತ್ತು.

ತೋಟದಲ್ಲಿ ಕೊನೆಯ ಸುತ್ತಿನ ಕುಯ್ಲು ನಡೆದಿತ್ತು. ಕುಯ್ಯುತ್ತಿದ್ದವರು ಅಸ್ಸಾಮಿನಿಂದ ಬಂದ ನಾಲ್ಕೈದು ಜನ. ಹತ್ತಿರದ ದೊಡ್ಡ ತೋಟದ ಲೈನಿನಲ್ಲಿದ್ದು, ಅಲ್ಲಿ ಕೆಲಸವಿಲ್ಲದ ದಿನ ಇಲ್ಲಿಗೆ ಬರುವವರು. ಇದರ ಕೂಲಿ ತೂಕದ ಲೆಕ್ಕ. ಅಲ್ಲಿ ಆ ವರ್ಷ ಕಿಲೋ ಹಣ್ಣಿಗೆ ಐದು ರೂಪಾಯಿ. ಒಂದು ಹೆಂಗಸಿನ ಪಕ್ಕದಲ್ಲಿ ನಿಂತು ನೋಡಿದೆ. ಒಂದೇ ಗೊಂಚಲಿನಲ್ಲಿ ಕೆಂಪು ಹಣ್ಣು, ಹಳದಿ ತಿರುಗಿದ್ದು, ಹಸಿರು ಕಾಯಿ, ಮೂರೂ ಇರುತ್ತವೆ. ಗೊಂಚಲನ್ನು ಹಾಗೇ ಸವರಿ ಎಳೆದರೆ ಬುಟ್ಟಿ ಬೇಗ ತುಂಬುತ್ತದೆ. ಕೆಂಪನ್ನು ಮಾತ್ರ ಆರಿಸಿದರೆ ಹೊತ್ತು ಹಿಡಿಯುತ್ತದೆ, ತೂಕ ಇಳಿಯುತ್ತದೆ. ಅವಳ ಬೆರಳು ಒಂದು ಗೊಂಚಲನ್ನು ಎರಡು ಸಲ ಮುಟ್ಟಿ, ಹಸಿರನ್ನು ಬಿಟ್ಟು, ಮುಂದಕ್ಕೆ ಹೋಗುತ್ತಿತ್ತು. ಈ ಮನೆಯವರು ಹಾಗೆ ಕುಯ್ಯಲು ಹೇಳಿ, ದಿನದ ಕೊನೆಗೆ ಸ್ವಲ್ಪ ಮೇಲೆ ಹಾಕಿ ಕೊಡುತ್ತಿದ್ದರಂತೆ. ಎಲ್ಲೆಡೆಯೂ ಹಾಗೆ ಕೊಡುತ್ತಾರೆಂದು ಹೇಳಲಾರೆ.

ನನಗೆ ಚಿಕ್ಕಮಗಳೂರಿನ ಆ ಬಟ್ಟಲು ನೆನಪಾಯಿತು. ಕಿತ್ತಳೆಯ ವಾಸನೆ, ಬೆಲ್ಲದ ಸಿಹಿ ಎಂದು ನಾನು ಕೊಂಡಾಡಿದೆನಲ್ಲ, ಅದರ ಒಂದು ಬೇರು ಇಲ್ಲಿ, ಈ ಬೆರಳಿನ ತೀರ್ಮಾನದಲ್ಲಿತ್ತು. ಮಣ್ಣು, ಎತ್ತರ, ತಳಿ ಎಲ್ಲ ಸರಿಯಿದ್ದೂ ಹಸಿರು ಕಾಯಿ ಸೇರಿದರೆ ಆ ರುಚಿಯಿಲ್ಲ. ಪೊಟ್ಟಣದ ಮೇಲೆ ಎತ್ತರವನ್ನು ಬರೆದಿದ್ದರು, ತಳಿಯನ್ನು ಬರೆದಿದ್ದರು. ಬೆರಳನ್ನು ಬರೆದಿರಲಿಲ್ಲ. ಕೆಲಸ ಬಿಟ್ಟು ಕೂತಾಗ ಅವಳು ಫ್ಲಾಸ್ಕಿನಿಂದ ಬಗ್ಗಿಸಿಕೊಂಡು ಕುಡಿದದ್ದು ಚಹಾ. ಚಹಾದ ನಾಡಿನಿಂದ ಬಂದವಳು. ಕಾಫಿ ಹಿಡಿಸುವುದಿಲ್ಲವೆಂದು ನಕ್ಕಳು.

ಮನೆಗೆ ಬಂದಮೇಲೆ ವಿದ್ಯಾರ್ಥಿಯ ತಾಯಿ ನನಗೆ ಕಾಫಿ ಕೊಟ್ಟರು. ಬೆಲ್ಲದ ಕಾಫಿ, ಕಪ್ಪಗೆ, ಗಟ್ಟಿಯಾಗಿ, ಹೊಗೆಯ ವಾಸನೆಯೊಡನೆ. ನೆಲಕ್ಕೆ ಉದುರಿದ ಹಣ್ಣನ್ನು ಆರಿಸಿ ಒಣಗಿಸಿ ಮನೆಯ ಬಾಣಲೆಯಲ್ಲಿ ಹುರಿದದ್ದು. ಒಳ್ಳೆಯದೆಲ್ಲ ವ್ಯಾಪಾರಿಗೆ ಹೋಗುತ್ತದೆ, ಉದುರು ಮನೆಗೆ. ಹಾಲು ಮಾರುವ ಮನೆಯಲ್ಲಿ ಮಕ್ಕಳಿಗೆ ಮಜ್ಜಿಗೆ ಎಂಬಂತೆ. ನಾನು ಸುಮ್ಮನಿರಬಹುದಾಗಿತ್ತು. ಇರಲಿಲ್ಲ. ನನ್ನ ಪೊಟ್ಟಣವನ್ನು ತೆಗೆದು, "ಅಮ್ಮ, ಇದನ್ನೊಮ್ಮೆ ಕುಡಿದು ನೋಡಿ" ಎಂದು ನಾನೇ ನೀರು ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಹಾಲು ಸಕ್ಕರೆ ಏನನ್ನೂ ಹಾಕದೆ ಕೊಟ್ಟೆ.

ಅವರು ಒಂದು ಗುಟುಕು ಕುಡಿದು, ಮರ್ಯಾದೆಗಾಗಿ ಇನ್ನೊಂದು ಗುಟುಕು ಕುಡಿದು, ಲೋಟ ಕೆಳಗಿಟ್ಟರು. "ಹುಳಿಯಾಗಿದೆಯಲ್ಲ ಮೇಷ್ಟ್ರೆ. ದಾರೀಲಿ ಏನಾದ್ರೂ ಕೆಟ್ಟುಹೋಯ್ತೋ ಏನೋ."

ಮಗ ನಕ್ಕ. ನಾನೂ ನಕ್ಕೆ. ಅವರು ಪೊಟ್ಟಣವನ್ನು ಕೈಗೆ ತೆಗೆದುಕೊಂಡು ತೂಕ ನೋಡುವವರಂತೆ ಅಂಗೈಯಲ್ಲಿ ಆಡಿಸಿ, "ಎಷ್ಟು ಕೊಟ್ರಿ ಇದಕ್ಕೆ?" ಎಂದು ಕೇಳಿದರು.

"ಇನ್ನೂರು ರೂಪಾಯಿ" ಎಂದೆ.

ಕೊಟ್ಟದ್ದು ಆರುನೂರೈವತ್ತು.

"ಕಾಲು ಕಿಲೋಗೆ ಇನ್ನೂರಾ?" ಎಂದು ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಇರಲಿ ಬಿಡಿ, ಪಾಪ, ಅವರಿಗೂ ಹುರಿಯೋ ಖರ್ಚು, ಬಾಡಿಗೆ ಎಲ್ಲ ಇರುತ್ತಲ್ಲ" ಎಂದು ಪೊಟ್ಟಣವನ್ನು ಗೂಡಿನಲ್ಲಿಟ್ಟರು. ಮಗ ಎದ್ದು ಹೋಗಿ, ಏನೋ ತೆಗೆದುಕೊಳ್ಳುವವನಂತೆ ನಟಿಸಿ, ಬೆಲೆ ಅಚ್ಚಾಗಿದ್ದ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸಿದ. ಅದನ್ನು ನಾನು ಕಂಡೆ. ನಾನು ಕಂಡದ್ದನ್ನು ಅವನೂ ಕಂಡ.

ಆ ರಾತ್ರಿ ಕಂಬಳಿ ಹೊದೆದು ಮಲಗಿ ಲೆಕ್ಕ ಹಾಕಿದೆ. ಕಾಲು ಕಿಲೋ ಹುರಿದ ಪುಡಿಗೆ ಸರಿಸುಮಾರು ಎರಡು ಕಿಲೋ ಹಣ್ಣು ಬೇಕು. ಕುಯ್ದವಳಿಗೆ ಸಂದದ್ದು ಹತ್ತು ರೂಪಾಯಿ. ಪಾರ್ಚ್‌ಮೆಂಟಿನ ಲೆಕ್ಕದಲ್ಲಿ ಈ ಮನೆಯವರಿಗೆ ಆ ವರ್ಷ ಸಿಕ್ಕಿದ್ದ ಧಾರಣೆ ಕಿಲೋಗೆ ಮುನ್ನೂರಕ್ಕೂ ಸ್ವಲ್ಪ ಕಡಮೆ. ಅಂದರೆ ಅಂಥ ಒಂದು ಪೊಟ್ಟಣದ ಬೀಜಕ್ಕೆ ನೂರಹತ್ತು ರೂಪಾಯಿ. ಗೊಬ್ಬರ, ಕೂಲಿ, ಔಷಧ ಎಲ್ಲ ಅದರೊಳಗೇ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಆ ಪೊಟ್ಟಣದ ಕಾಫಿ ಇವರದಲ್ಲ. ಅಂಥ ಅಂಗಡಿಯವರಲ್ಲಿ ಹಲವರು ತೋಟದವರಿಗೆ ಪೇಟೆಯ ಧಾರಣೆಗಿಂತ ಹೆಚ್ಚು ಕೊಟ್ಟೇ ಕೊಳ್ಳುತ್ತಾರೆ. ಹುರಿಯುವುದೂ ಒಂದು ವಿದ್ಯೆ. ಬೆಂಗಳೂರಿನ ಬಾಡಿಗೆಯನ್ನು ಕೊಡುತ್ತಿರುವ ನನಗೆ ಅಂಗಡಿಯವರ ಬಾಡಿಗೆ ಸುಳ್ಳೆನಿಸುವುದಿಲ್ಲ. ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಹಾಗಾದರೆ ನಾನು ಸುಳ್ಳು ಹೇಳಿದ್ದೇಕೆ?

ಈ ಪ್ರಶ್ನೆಯನ್ನು ಕಾಲೇಜಿಗೆ ಮರಳಿದ ಮೇಲೆ ಅರ್ಥಶಾಸ್ತ್ರದ ನನ್ನ ಸಹೋದ್ಯೋಗಿಯ ಮುಂದಿಟ್ಟೆ. ಅವರು ನಿಷ್ಠುರವಾದಿ. "ಬೆಲೆ ಕೊಟ್ಟಮೇಲೆ ಮುಗಿಯಿತು, ಸ್ವಾಮಿ. ಬೆಲೆ ಇರುವುದೇ ಅದಕ್ಕೆ. ನಿಮ್ಮ ಚಪ್ಪಲಿ ಹೊಲಿದವನನ್ನು ದಿನಾ ನೆನೆಯುತ್ತೀರಾ? ಬಸ್ಸಿನ ಚಕ್ರಕ್ಕೆ ರಬ್ಬರು ಇಳಿಸಿದವನನ್ನು? ಎಲ್ಲರನ್ನೂ ನೆನೆಯುತ್ತ ಕೂತರೆ ನೀವು ಮನೆಯ ಹೊಸಲು ದಾಟಲಾರಿರಿ. ನಿಮ್ಮ ಕೃತಜ್ಞತೆಯಿಂದ ಆಕೆಗೆ ಒಂದು ಪೈಸೆಯೂ ಹುಟ್ಟುವುದಿಲ್ಲ. ಅದು ನಿಮ್ಮ ಕಾಫಿಗೆ ನೀವು ಹಾಕಿಕೊಂಡ ಇನ್ನೊಂದು ಚಮಚ ಸಕ್ಕರೆ."

ಕೊನೆಯ ಮಾತು ನನಗೆ ನಾಟಿತು. ಬೆಳೆಗಾರನನ್ನು ಮೆಚ್ಚುವುದೂ ಒಂದು ಭೋಗವಾಗಬಲ್ಲದು. ಪೊಟ್ಟಣದ ಮೇಲೆ ನಗುವ ರೈತನ ಚಿತ್ರ ಅಚ್ಚುಹಾಕುವವರಿಗೆ ಇದು ಗೊತ್ತಿದೆ. ಕೊಳ್ಳುವವನಿಗೆ ರುಚಿಯ ಜೊತೆಗೆ ಒಳ್ಳೆಯವನಾದೆನೆಂಬ ನೆಮ್ಮದಿಯೂ ಸಿಗುತ್ತದೆ, ಅದೇ ದುಡ್ಡಿಗೆ. ಆದರೆ ಸಹೋದ್ಯೋಗಿಯ ಮೊದಲ ಮಾತನ್ನು ಒಪ್ಪಲಾರದೆ ಹೋದೆ. ಬೆಲೆ ಕೊಟ್ಟಮೇಲೆ ಮುಗಿಯಿತು ಎಂಬುದು ನಿಜವಾಗಿದ್ದರೆ, ಕೊಟ್ಟ ಬೆಲೆಯನ್ನು ಬೆಳೆದವಳ ಮುಂದೆ ಗಟ್ಟಿಯಾಗಿ ಹೇಳಲು ನನ್ನ ನಾಲಗೆ ಏಕೆ ಹೊರಳಲಿಲ್ಲ? ಚಪ್ಪಲಿಯ ಬೆಲೆಯನ್ನು ಮೋಚಿಗೆ ಹೇಳಲು ನನಗೆ ಸಂಕೋಚವಾಗುತ್ತದೆಯೋ ಇಲ್ಲವೋ ತಿಳಿಯದು. ಅವನ ಮನೆಯಲ್ಲಿ ಕೂತು ನಾನು ಕಾಫಿ ಕುಡಿದಿಲ್ಲ. ಪ್ರಾಯಶಃ ಅಲ್ಲೂ ಆಗುತ್ತಿತ್ತು. ಸಾಲವಿಲ್ಲದವನಿಗೆ ಮುಖ ತಪ್ಪಿಸಿಕೊಳ್ಳಬೇಕಾದ ಕಾರಣವಿಲ್ಲ. ನಾನು ಮುಖ ತಪ್ಪಿಸಿದೆ; ಆದ್ದರಿಂದ ಸಾಲ ಏನೋ ಉಳಿದಿದೆ. ತರ್ಕಶಾಸ್ತ್ರದವರು ಇದನ್ನು ಒಪ್ಪದಿರಬಹುದು. ಮನಸ್ಸಿಗೆ ಅದರದೇ ತರ್ಕವುಂಟು.

ನಮ್ಮ ಹಿರಿಯರು ಋಣದ ವಿಷಯದಲ್ಲಿ ಬಹಳ ಯೋಚಿಸಿದ್ದರು. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರನ್ನು ಎಲ್ಲರೂ ಬಲ್ಲರು. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದೂ ಇದೆ: ಮನುಷ್ಯಋಣ. ಯಜ್ಞದಿಂದ ಮೊದಲನೆಯದು, ಅಧ್ಯಯನದಿಂದ ಎರಡನೆಯದು, ಸಂತಾನದಿಂದ ಮೂರನೆಯದು ತೀರುವುದಾದರೆ, ಮನುಷ್ಯರ ಋಣ ತೀರುವುದು ಅವರಿಗೆ ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹಾನುಬಾಳಿನಿಂದ ಬಂದಮೇಲೆ ಹೇಳುವಾಗ ಮಾತ್ರ ನಾಲಗೆ ತಡೆಯಿತು. ಅಲ್ಲಿ ಎಡೆ ಕೊಟ್ಟವರು ಅವರು, ಅನ್ನ ಕೊಟ್ಟವರು ಅವರು, ಕಾಫಿ ಕೊಟ್ಟವರು ಅವರು. ಹಿಂದಿನ ಸಾಲಕ್ಕೆ ಮೇಲುಸಾಲ ಮಾಡಿ ಬಂದಹಾಗಾಯಿತು.

ಬೆಳೆದವರ ಹೆಸರು ಕುಡಿಯುವವರಿಗೆ ತಿಳಿಯದಂತೆ ಆದದ್ದು ಬರಿಯ ನಮ್ಮ ಮರೆವಿನಿಂದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1942ರ ಕಾಫಿ ಕಾಯಿದೆ ಬಂದಮೇಲೆ ಬೆಳೆಗಾರ ತನ್ನ ಮನೆಬಳಕೆಗೆ, ಬಿತ್ತನೆಗೆ ಬೇಕಾದಷ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ಕಾಫಿ ಮಂಡಲಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಯುದ್ಧಕಾಲದಲ್ಲಿ ಹೊರಗಿನ ಮಾರುಕಟ್ಟೆ ಮುಚ್ಚಿಹೋಗಿ ತತ್ತರಿಸಿದ್ದ ಬೆಳೆಗಾರನನ್ನು ಅದು ಕಾಪಾಡಿತು, ನಿಜ. ಆದರೆ ಪೂಲಿಗೆ ಬಿದ್ದಮೇಲೆ ಯಾರ ಕಾಫಿ ಯಾವುದೆಂಬುದಿಲ್ಲ. ಚೆನ್ನಾಗಿ ಆರಿಸಿ ಕುಯ್ದವನದೂ ಒಟ್ಟಿಗೆ ಸವರಿ ಎಳೆದವನದೂ ದರ್ಜೆಯ ಹೆಸರಿನಲ್ಲಿ ಒಂದಾಗಿ ಹೋಗುತ್ತಿತ್ತು. ದುಡ್ಡು ಕಂತುಕಂತಾಗಿ ಬರುತ್ತಿತ್ತು. 1992ರಿಂದ ಈ ಕಟ್ಟು ಸಡಿಲವಾಗುತ್ತ ಬಂದು, 1996ರಲ್ಲಿ ಪೂರ್ತಿ ಬಿಚ್ಚಿತು. ನಾನು ಆರ್.ಟಿ. ನಗರದಲ್ಲಿ ಪೊಟ್ಟಣವನ್ನು ಎದೆಗೆ ಅವುಚಿಕೊಂಡು ಬರುತ್ತಿದ್ದಾಗ, ಅದರೊಳಗಿನ ಕಾಫಿ ಯಾರದೆಂದು ಅಂಗಡಿಯವರೂ ಹೇಳಲಾಗುತ್ತಿರಲಿಲ್ಲ. ಆ ದೃಷ್ಟಿಯಿಂದ, ಪೊಟ್ಟಣದ ಮೇಲೆ ತೋಟದ ಹೆಸರು ಬರೆಯುವ ಈ ಹೊಸ ಪದ್ಧತಿಯನ್ನು ಲೇವಡಿ ಮಾಡುವುದು ತಪ್ಪು. ಹೆಸರು ಬಂತು, ಗೇಟಿನವರೆಗೆ ಬಂತು. ಗೇಟಿನ ಒಳಗೆ ಗಿಡದಿಂದ ಗಿಡಕ್ಕೆ ನಡೆಯುತ್ತಿರುವವಳ ಹತ್ತಿರ ಇನ್ನೂ ಹೋಗಿಲ್ಲ.

ಹೋದರೆ ತಾನೆ ಏನಾದೀತು, ಎಂದು ಸಹೋದ್ಯೋಗಿ ಕೇಳುತ್ತಾರೆ. ಹೆಸರು ಬರೆದರೆ ಕೂಲಿ ಏರುವುದೆ? ತಾನಾಗಿ ಏರದು. ಆದರೆ ಕಾಣದವರ ಕೂಲಿ ಏರಿದ್ದನ್ನೂ ನಾನು ಕೇಳಿಲ್ಲ. ಹಣ್ಣನ್ನು ಆರಿಸಿ ಕುಯ್ದರೆ ತೂಕ ಇಳಿದು ಕೂಲಿ ಕಡಮೆಯಾಗುತ್ತದೆ ಎಂಬ ಸಣ್ಣ ಸಂಗತಿ ತಿಳಿದಮೇಲೆ, ಅಂಗಡಿಯಲ್ಲಿ ನಿಂತು, "ಇದನ್ನು ಕುಯ್ದವರಿಗೆ ತೂಕದ ಮೇಲೆ ಕೊಡುತ್ತಾರೋ, ದಿನದ ಲೆಕ್ಕವೋ?" ಎಂದು ನಾನು ಕೇಳತೊಡಗಿದ್ದೇನೆ. ಸಹಕಾರನಗರದ ಆ ಹುಡುಗನಿಗೆ ಮೊದಲ ಸಲ ಉತ್ತರ ಗೊತ್ತಿರಲಿಲ್ಲ. ಎರಡನೆಯ ಸಲವೂ ಗೊತ್ತಿರಲಿಲ್ಲ. ಮೂರನೆಯ ಸಲ ಅವನು, "ಸಾರ್, ನೀವು ಕೇಳ್ತೀರ ಅಂತ ನಮ್ಮವರಿಗೆ ಫೋನ್ ಮಾಡಿ ತಿಳ್ಕೊಂಡೆ" ಎಂದು ಹೇಳಿದ: ಆ ತೋಟದಲ್ಲಿ ಕೆಂಪು ಹಣ್ಣಿಗೆ ಬೇರೆ ದರವಂತೆ. ಇದರಿಂದ ಲೋಕ ಬದಲಾಯಿತೆಂದು ನಾನು ಹೇಳುವುದಿಲ್ಲ. ಅವನು ನನ್ನನ್ನು ಕಂಡರೆ ಒಳಗೆ ಹೋಗುವ ಅಪಾಯವೂ ಇದೆ.

ನನ್ನ ಸದ್ಗುಣದ ಆಳ ನನಗೆ ತಿಳಿದದ್ದು ಮರುವರ್ಷ. ಬ್ರೆಜಿಲಿನಲ್ಲಿ, ವಿಯೆಟ್ನಾಮಿನಲ್ಲಿ ಹವೆ ಕೆಟ್ಟು ಬೆಳೆ ತಗ್ಗಿದ್ದರಿಂದ ಜಗತ್ತಿನಲ್ಲೆಲ್ಲ ಕಾಫಿಯ ಧಾರಣೆ ಮೇಲಕ್ಕೆ ಹೋಯಿತು. 2025ರ ಮಾರ್ಚಿನ ಹೊತ್ತಿಗೆ ಬೆಂಗಳೂರಿನ ದರ್ಶಿನಿಗಳಲ್ಲಿ ಲೋಟ ಕಾಫಿಗೆ ಮೂರು ರೂಪಾಯಿ, ಐದು ರೂಪಾಯಿ ಏರಿತು. ಯಲಹಂಕದಲ್ಲಿ ಬೆಳಗಿನ ನಡಿಗೆ ಮುಗಿಸಿ ನಾವು ನಾಲ್ವರು ಕಾಫಿ ಕುಡಿಯುವ ಜಾಗದಲ್ಲಿ ಹೊಸ ದರದ ಚೀಟಿ ಅಂಟಿಸಿದ್ದರು. "ಇದೇನ್ರೀ ಹಗಲುದರೋಡೆ!" ಎಂದು ಮೊದಲು ಕೂಗಿದವನು ನಾನೇ. ಮಾತು ಬಾಯಿಂದ ಹೊರಟಮೇಲೆ ಹಾನುಬಾಳಿನ ಕಣ ಕಣ್ಣಮುಂದೆ ಬಂತು. 2018, 2019ರಲ್ಲಿ ಧಾರಣೆ ನೆಲಕಚ್ಚಿ, ಅದೇ ಮುಂಗಾರುಗಳಲ್ಲಿ ಕೊಡಗು ಮಲೆನಾಡುಗಳಲ್ಲಿ ಗುಡ್ಡ ಕುಸಿದು ತೋಟಗಳು ಕೊಚ್ಚಿಹೋದಾಗ, ನಾವು ನಾಲ್ವರೂ ಇದೇ ಜಾಗದಲ್ಲಿ ನಿಂತು ಹಳೆಯ ದರಕ್ಕೇ ಕುಡಿದಿದ್ದೆವು. ಆಗ ಯಾರೂ ಏನೂ ಕೂಗಿರಲಿಲ್ಲ. ಬೆಲೆ ಇಳಿದಾಗ ಕೇಳದ ನ್ಯಾಯ ಏರಿದಾಗ ಮಾತ್ರ ನೆನಪಾಯಿತು, ಅದೂ ಮೂರು ರೂಪಾಯಿಗೆ.

ಆ ಸಂಜೆ ವಿದ್ಯಾರ್ಥಿಗೆ ಫೋನು ಮಾಡಿದೆ. ಈ ಸಲ ಧಾರಣೆ ಚೆನ್ನಾಗಿ ಸಿಕ್ಕಿತೆಂದೂ, ಮನೆಗೆ ಹೊಸ ಹೆಂಚು ಹೊದಿಸಿದ್ದೇವೆಂದೂ, ಕುಯ್ಲಿಗೆ ಏಳು ರೂಪಾಯಿ ಮಾಡಿದೆವೆಂದೂ ಹೇಳಿದ. ಅಸ್ಸಾಮಿನವರು ಬಂದಿದ್ದರೆ ಎಂದು ಕೇಳಿದೆ. ಬೇರೆಯವರು ಬಂದಿದ್ದರಂತೆ, ಅವಳು ಬಂದಿರಲಿಲ್ಲ. ಆಮೇಲೆ, ನನಗೆ ತಲುಪಿಸಲೆಂದು ತಾಯಿ ಒಂದು ಗಂಟು ಕಳುಹಿಸಿದ್ದಾರೆ, ತನ್ನ ಭಾವ ಯಶವಂತಪುರಕ್ಕೆ ಬಂದಾಗ ಕೊಡುತ್ತಾನೆ ಎಂದ. ಗಂಟು ಬಂತು. ಬಟ್ಟೆಯ ಚೀಲದಲ್ಲಿ ಒಂದು ಕಿಲೋ ಬೀಜ; ಉದುರಲ್ಲ, ಆರಿಸಿದ ಹಣ್ಣಿನದು; ಮನೆಯ ಬಾಣಲೆಯಲ್ಲೇ ಹುರಿದದ್ದು, ಕೆಲವು ಕಪ್ಪು, ಕೆಲವು ಕಂದು. ಅಂಕ ಕೊಡುವವರು ಇದಕ್ಕೆ ಎಷ್ಟು ಕೊಡುತ್ತಿದ್ದರೋ ನಾನು ಯೋಚಿಸಲಿಲ್ಲ. ಪುಡಿಮಾಡಿಸಿ, ಮೊದಲ ಲೋಟವನ್ನು ಹಾಲಿಲ್ಲದೆ ಕುಡಿದೆ. ಎರಡನೆಯದನ್ನು ಹೆಂಡತಿ ಬೆಲ್ಲ ಹಾಕಿ ಕೊಟ್ಟಳು.

ಆಮೇಲೆ ಅವರಿಗೇ ಫೋನು ಮಾಡಿಸಿದೆ. ಕಾಫಿ ತಲುಪಿತೆಂದು ಹೇಳಿ, ಸ್ವಲ್ಪ ತಡೆದು, "ಅಮ್ಮ, ಅವತ್ತು ಒಂದು ಸುಳ್ಳು ಹೇಳಿದ್ದೆ. ಆ ಪೊಟ್ಟಣಕ್ಕೆ ನಾನು ಕೊಟ್ಟದ್ದು ಇನ್ನೂರಲ್ಲ, ಆರುನೂರೈವತ್ತು" ಎಂದೆ.

"ಗೊತ್ತು ಮೇಷ್ಟ್ರೆ" ಎಂದರು. "ಮೇಲೇ ಬರೆದಿತ್ತಲ್ಲ. ನಾನೂ ಏಳನೇ ಕ್ಲಾಸು ಓದಿದೀನಿ." ಅತ್ತ ಕಡೆಯಿಂದ ಪಾತ್ರೆಯ ಸದ್ದು ಕೇಳಿಸಿತು. ಆಮೇಲೆ ಅವರು ದನಿ ತಗ್ಗಿಸಿ, "ಅದಿರಲಿ, ನಿಜ ಹೇಳಿ, ನಮ್ಮದೂ ಹಾಗೇ ಹುಳಿಯಾಗಿತ್ತಾ?" ಎಂದು ಕೇಳಿದರು.